ಒಂದೇ ಬೀಜ, ನಾಲ್ಕು ಥರದ ಗಿಡ: ಪೈನ್ ಸಸಿಯ ದೋಷ ಹುಡುಕುವ ಬಗೆ

ಮೂರು ವರ್ಷದ ಹಿಂದೆ ಆರಿದ್ರಾ ಮಳೆಯಲ್ಲಿ 70 ಪೈನ್ ಸಸಿ ನೆಟ್ಟೆ. ಹೊಸನಗರ ತಾಲೂಕಿನ ನಮ್ಮಂಥ ಅಡಿಕೆಯವರಿಗೆ ಪೈನ್ ಯಾಕೆ ಅಂತ ಕೇಳಬೇಡಿ. ಅಳಿಯ ಹೋಮ್‌ಸ್ಟೇ ಶುರು ಮಾಡಿದ್ದ. ಬಂದವರಿಗೆ ಫೋಟೋ ತೆಗೆಯಲಿಕ್ಕೆ ‘ಕೊಡೈಕೆನಾಲ್ ಥರ’ ಒಂದು ಜಾಗ ಬೇಕು ಅಂತ ಹಟ ಹಿಡಿದ.

ಸಸಿಗಳೆಲ್ಲ ಒಂದೇ ನರ್ಸರಿಯ ಒಂದೇ ಮಡಿಯವು, ಒಂದೇ ಚೀಲದ ಬೀಜ. ಜಾತಿ ಕೆರಿಬಿಯನ್ ಪೈನ್. 22 ಗಿಡ ಬ್ಯಾಣದ (ದನ ಮೇಯಲಿಕ್ಕೆ ಬಿಟ್ಟ ಏರುಜಾಗದ) ನೆತ್ತಿಗೆ ಹೋದವು, 18 ಅಡಿಕೆ ತೋಟದ ಅಂಚಿಗೆ, 15 ಗದ್ದೆಯ ಪಕ್ಕಕ್ಕೆ. ಉಳಿದ 15 ಮನೆ ಹಿಂದೆ, ಹೊಸ ತೋಟದ ಸ್ಪ್ರಿಂಕ್ಲರ್ ಸಾಲಿನ ಉದ್ದಕ್ಕೆ.

ಹೋದ ಜನವರಿಯಲ್ಲಿ ಪಕ್ಕದೂರಿನ ಭಾವ ಬಂದವರು ಸುತ್ತು ಹೊಡೆದು ಬಂದು ಕೇಳಿದರು: “ಏನ್ ಭಾವ, ನಾಲ್ಕು ಜಾತಿ ಹಾಕಿದ್ರಾ?”

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನೆತ್ತಿಯ ಮೇಲಿನವು ಕುಳ್ಳ, ಬುಡ ದಪ್ಪ. ತೋಟದ ಅಂಚಿನವು ಬೆತ್ತದ ಥರ ಸಣ್ಣಗೆ, ಉದ್ದಕ್ಕೆ. ಗದ್ದೆ ಪಕ್ಕದವು ಅರಿಶಿನ ಬಳಿದ ಹಾಗೆ. ಮನೆ ಹಿಂದಿನವಕ್ಕೆ ಕವಲೇ ಇಲ್ಲ, ಶೀಶೆ ತೊಳೆಯುವ ಬ್ರಷ್ ನಿಲ್ಲಿಸಿದ ಹಾಗೆ ಕಾಣುತ್ತಿದ್ದವು. ನಾನು ಅಷ್ಟು ದಿನ ನರ್ಸರಿಯವರನ್ನು ಬೈದುಕೊಂಡೇ ಇದ್ದೆ. ಒಂದು ವಿಷಯದಲ್ಲಿ ಬೈದದ್ದು ಸರಿಯೇ ಆಗಿತ್ತು, ಅದನ್ನು ಆಮೇಲೆ ಹೇಳುತ್ತೇನೆ. ಉಳಿದದ್ದೆಲ್ಲ ನಾನು ನೆಟ್ಟ ಜಾಗದ ಕೆಲಸ.

ನಿಮ್ಮ ಗಿಡ ಯಾಕೆ ಹೀಗಾಯಿತು ಅಂತ ಹುಡುಕುವಾಗ ಗೊಬ್ಬರದ ಅಂಗಡಿಗೆ ಓಡುವ ಮೊದಲು ಇದನ್ನು ಓದಿ.

ಮೊದಲು, ಅದು ಪೈನ್ ಹೌದಾ?

ನಗಬೇಡಿ. ‘ಪೈನ್’ ಅಂತ ತಂದು ತೋರಿಸಿದ ಗಿಡಗಳಲ್ಲಿ ಎಷ್ಟೋ ಗಾಳಿಮರ, ಇಲ್ಲವೇ ಕ್ರಿಸ್‌ಮಸ್ ಗಿಡ ಅಂತ ಕುಂಡದಲ್ಲಿ ಮಾರುವ ಅರಾಕೇರಿಯಾ. ಒಂದು ಸೂಜಿ ಎಲೆ ಕಿತ್ತು ನೋಡಿ. ಪೈನ್ ಆದರೆ ಎಲೆ ಒಂಟಿಯಾಗಿ ಬರುವುದಿಲ್ಲ. ಎರಡು, ಮೂರು ಅಥವಾ ಐದು ಸೂಜಿ ಬುಡದಲ್ಲಿ ಒಂದು ಪುಟ್ಟ ಪೊರೆಯೊಳಗೆ ಕಟ್ಟು ಕಟ್ಟಿದ ಹಾಗೆ ಬರುತ್ತವೆ. ಕೆರಿಬಿಯನ್ ಪೈನಿಗೆ ಸಾಮಾನ್ಯವಾಗಿ ಮೂರು. ಗಾಳಿಮರದ ‘ಎಲೆ’ ಎಳೆದರೆ ಗೆಣ್ಣು ಗೆಣ್ಣಾಗಿ ಬಿಚ್ಚಿಕೊಳ್ಳುತ್ತದೆ.

ಇದಕ್ಕೊಂದು ಅಪವಾದ ಇದೆ. ತೀರಾ ಎಳೆ ಸಸಿಯಲ್ಲಿ ಮೊದಲು ಬರುವ ಎಲೆಗಳು ಒಂಟಿ, ಗಿಡ್ಡ, ಸ್ವಲ್ಪ ಬೂದು-ನೀಲಿ ಬಣ್ಣ. ಕಟ್ಟು ಕಟ್ಟಿದ ಸೂಜಿ ಆಮೇಲೆ ಬರುತ್ತದೆ. “ಕೆಳಗೊಂದು ಥರ, ಮೇಲೊಂದು ಥರ ಎಲೆ, ಏನೋ ರೋಗ” ಅಂತ ಔಷಧಿ ಹೊಡೆದವರಿದ್ದಾರೆ. ರೋಗ ಅಲ್ಲ, ವಯಸ್ಸು.

ಗಿಡ ಮುಟ್ಟಬೇಡಿ, ದೂರ ನಿಂತು ನೋಡಿ

ದರೆಯ ಮೇಲೋ ಮನೆಯ ಮಾಳಿಗೆ ಮೇಲೋ ಹತ್ತಿ, ಇಡೀ ಜಾಗ ಒಂದು ಸಲ ನೋಡಿ. ಕೆಟ್ಟ ಗಿಡಗಳು ಒಂದು ಕಡೆ ಗುಂಪಾಗಿ ಇವೆಯಾ, ಚೆನ್ನಾಗಿರುವ ಗಿಡಗಳ ನಡುನಡುವೆ ಚದುರಿ ಹೋಗಿವೆಯಾ?

ಗುಂಪಾಗಿದ್ದರೆ ಅಪರಾಧಿ ಜಾಗವೇ: ನೆರಳು, ನೀರು, ಮಣ್ಣು, ಗಾಳಿ ಇವುಗಳಲ್ಲಿ ಯಾವುದೋ ಒಂದು. ಚದುರಿದ್ದರೆ ಬೀಜದ ಗುಣ ಇರಬಹುದು, ನೆಟ್ಟ ಕೈಯ ತಪ್ಪಿರಬಹುದು, ಇಲ್ಲವೇ ಮುಳ್ಳುಹಂದಿ, ಗೆದ್ದಲು ಇರಬಹುದು. ನನ್ನ ತೋಟದಲ್ಲಿ ಮುಕ್ಕಾಲು ತೊಂದರೆ ಬಗೆಹರಿದದ್ದು ಈ ಒಂದು ನೋಟದಲ್ಲಿ.

ನಮ್ಮ ಜಿಲ್ಲೆಯಲ್ಲಿ ‘ಜಾಗ’ ಅನ್ನುವುದು ಎಷ್ಟು ಬೇಗ ಬದಲಾಗುತ್ತದೆ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ. ಅದೇ ರಸ್ತೆಯಲ್ಲಿ ಎರಡು ಗಂಟೆ ಬಸ್ಸಿನಲ್ಲಿ ಹೋದರೆ ಶಿವಮೊಗ್ಗ, ಅಲ್ಲಿ 1000ದ ಆಸುಪಾಸು. ಬ್ಯಾಣದ ನೆತ್ತಿಗೂ ಅದರ ಕೆಳಗಿನ ಗದ್ದೆಗೂ ನಡುವೆ ಇನ್ನೂರು ಹೆಜ್ಜೆ ಇರಬಹುದು. ಆದರೆ ನೆತ್ತಿಯಲ್ಲಿ ಜಂಬಿಟ್ಟಿಗೆ ಕಲ್ಲು, ಕೆಳಗೆ ಕೆಸರು. ತೀರ್ಥಹಳ್ಳಿಯವರಿಗೆ ಹೇಳಿದ ಮದ್ದು ಶಿಕಾರಿಪುರದವರಿಗೆ ಆಗುವುದಿಲ್ಲ.

ಉದ್ದ ಇದೆ, ನಿಲ್ಲುವ ತ್ರಾಣ ಇಲ್ಲ

ಕಣ್ಣಂದಾಜಿಗಿಂತ ದಾರ ಒಳ್ಳೆಯದು. ಬುಡಕ್ಕೆ, ಮಣ್ಣಿನಿಂದ ಎರಡು ಬೆರಳು ಮೇಲೆ, ದಾರ ಸುತ್ತಿ ಸ್ಕೇಲಿನಲ್ಲಿ ಅಳೆಯಿರಿ. 3.14ರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಗಿಡದ ಎತ್ತರವನ್ನು ಸೆಂಟಿಮೀಟರಿನಲ್ಲಿ ಹಿಡಿದು, ಮಿಲಿಮೀಟರಿನ ದಪ್ಪದಿಂದ ಭಾಗಿಸಿ. ಕೊಟ್ಟೆಯಲ್ಲಿರುವ (ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿರುವ) ಸಸಿಗೆ ಈ ಲೆಕ್ಕ 6ರ ಒಳಗೆ ಬಂದರೆ ಗಟ್ಟಿ ಸಸಿ ಅನ್ನುತ್ತಾರೆ. ನೆಟ್ಟ ಗಿಡಗಳನ್ನು ಒಂದಕ್ಕೊಂದು ಹೋಲಿಸಲಿಕ್ಕೂ ಇದೇ ಲೆಕ್ಕ ಸಾಕು.

ನನ್ನ ತೋಟದ ಅಂಚಿನ ಒಂದು ಗಿಡ 160 ಸೆಂಟಿಮೀಟರ್ ಎತ್ತರ, ಬುಡದ ಸುತ್ತಳತೆ 50 ಮಿಲಿಮೀಟರ್, ಅಂದರೆ ದಪ್ಪ 16. ಲೆಕ್ಕ 10 ಬಂತು. ನೆತ್ತಿಯ ಮೇಲಿನದ್ದು 140 ಸೆಂಟಿಮೀಟರ್, ಸುತ್ತಳತೆ 110, ದಪ್ಪ 35. ಲೆಕ್ಕ 4. ಎತ್ತರದಲ್ಲಿ ಗೆದ್ದದ್ದು ತೋಟದ್ದು. ಜುಲೈ ಗಾಳಿಗೆ ಮಲಗಿದ್ದೂ ಅದೇ.

ಕಾರಣ ನೆರಳು. ಪೈನ್ ಬಯಲಿನ ಗಿಡ, ಬಿಸಿಲು ಬೇಕು. ನೆರಳಿಗೆ ಸಿಕ್ಕಿದರೆ ಇರುವ ಶಕ್ತಿಯನ್ನೆಲ್ಲ ಮೇಲಕ್ಕೆ ಹೋಗಲಿಕ್ಕೆ ಹಾಕುತ್ತದೆ. ಬುಡ, ಬೇರು ಎರಡಕ್ಕೂ ಕೊರತೆ. ಸೂಜಿಗಳು ತೆಳ್ಳಗೆ, ಮೆತ್ತಗೆ, ದೂರ ದೂರ. ಗಿಡ ಬೆಳಕು ಬರುವ ಕಡೆ ವಾಲಿರುತ್ತದೆ. ಸಾಲಿನ ಎಲ್ಲವೂ ಒಂದೇ ದಿಕ್ಕಿಗೆ ವಾಲಿದ್ದರೆ ಬೇರೆ ಸಾಕ್ಷಿಯೇ ಬೇಡ.

ಮದ್ದು ನೆರಳು ಮಾಡುವ ಮರಗಳ ಸೊಪ್ಪು ಕಡಿಯುವುದು. ಆದರೆ ಒಂದೇ ದಿನ ಪೂರ್ತಿ ಕಡಿಯಬೇಡಿ, ಮಾರ್ಚಿನಲ್ಲಂತೂ ಬೇಡವೇ ಬೇಡ. ನೆರಳಿನಲ್ಲಿ ಬೆಳೆದ ಸೂಜಿ ನೆರಳಿನದ್ದೇ, ಬಿಸಿಲಿಗೆ ಬಿದ್ದರೆ ಸುಡುತ್ತದೆ. ಬಿಸಿಲಿಗೆ ತಕ್ಕ ಹೊಸ ಸೂಜಿ ಬರಬೇಕು. ಮಳೆಗಾಲದ ಶುರುವಿಗೆ ಅರ್ಧ, ಮುಂದಿನ ವರ್ಷ ಉಳಿದರ್ಧ.

ಇಲ್ಲೊಂದು ಮಾತು. ಸಣಕಲು ಗಿಡಕ್ಕೆ ಎಲ್ಲರೂ ಮಾಡುವುದು ಗೂಟ ಹೊಡೆದು ಬಿಗಿಯಾಗಿ ಕಟ್ಟುವುದು. ಗಾಳಿಗೆ ಅಲ್ಲಾಡಿದರೇ ಕಾಂಡ ದಪ್ಪ ಆಗುವುದು, ಬೇರು ಹಿಡಿಯುವುದು. ಕಟ್ಟಿಹಾಕಿದ ಗಿಡ ಸಣಕಲಾಗಿಯೇ ಉಳಿಯುತ್ತದೆ, ಗೂಟ ತೆಗೆದ ದಿನ ಬೀಳುತ್ತದೆ. ಕಟ್ಟಲೇಬೇಕಾದರೆ ಕೆಳಗೆ, ಮೊಣಕಾಲೆತ್ತರದಲ್ಲಿ, ಬಾಳೆ ನಾರಿನಲ್ಲಿ ಸಡಿಲಾಗಿ ಕಟ್ಟಿ. ನಾರು ತಾನೇ ಕೊಳೆತು ಬಿಡುತ್ತದೆ, ಅದೇ ಒಳ್ಳೆಯದು.

ನೆತ್ತಿಯ ಕುಳ್ಳ ಗಿಡಕ್ಕೆ ಏನು ಮದ್ದು ಅಂತ ಕೇಳಿದರೆ, ಏನೂ ಇಲ್ಲ. ಗಾಳಿಯ ಜಾಗದ ಗಿಡ ಹಾಗೇ ಇರುತ್ತದೆ. ಸೂಜಿ ಹಸಿರಿದ್ದು ಸುಳಿ ಚಿಗುರುತ್ತಿದ್ದರೆ ಬಿಟ್ಟುಬಿಡಿ.

ಹಳದಿ

ಅತಿ ಜಾಸ್ತಿ ತಪ್ಪು ಆಗುವುದು ಇಲ್ಲೇ. ಹಳದಿ ಕಂಡ ಕೂಡಲೇ ಯೂರಿಯಾ. ತಡೆಯಿರಿ, ಮೊದಲು ಯಾವ ಸೂಜಿ ಹಳದಿ ನೋಡಿ.

ಸುಳಿಯ ಹೊಸ ಸೂಜಿ ಹಳದಿ, ಹಳೆಯವು ಹಸಿರು ಇದ್ದರೆ, “ಸುಣ್ಣ ಹಾಕಿದ್ರಾ?” ಅಂತ ಕೇಳುತ್ತೇನೆ. ಹತ್ತಕ್ಕೆ ಎಂಟು ಸಲ ಹೌದು ಅನ್ನುತ್ತಾರೆ. ನಮ್ಮ ಮಣ್ಣು ಹುಳಿ, ಅಡಿಕೆಗೆ ಸುಣ್ಣ ಹಾಕುವುದು ಕೈಗೆ ಬಂದ ಅಭ್ಯಾಸ. ಪೈನಿಗೆ ಹುಳಿ ಮಣ್ಣೇ ಬೇಕು. ಸುಣ್ಣ ಬಿದ್ದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಅದಕ್ಕೆ ಸಿಗುವುದಿಲ್ಲ. ಆ ಮಣ್ಣು ಕೆರೆದು ತೆಗೆದು, ಕಾಡಿನ ದರಗು ಹೊದೆಸಿ.

ಹಳೆಯ ಸೂಜಿಯಿಂದ ಶುರುವಾಗಿ ಇಡೀ ಗಿಡ ಮಂಕಾಗಿದ್ದರೆ, ಅದೂ ಆಷಾಢ ಕಳೆದ ಮೇಲೆ, ನೀರು ನಿಂತಿದೆ ಅಂತ ಅನುಮಾನ ಪಡಿ. ಜಂಬಿಟ್ಟಿಗೆ ಮಣ್ಣಿನಲ್ಲಿ ಹಾರೆ ಹಾಕಿ ತೆಗೆದ ಗುಂಡಿ ಒಂದು ಬಾನಿ ಇದ್ದ ಹಾಗೆ. ಮೇಲೆ ಒಣಗಿದ ಹಾಗೆ ಕಂಡರೂ ಬೇರು ನೀರಿನಲ್ಲೇ ಕೂತಿರುತ್ತದೆ. ಮಳೆ ಬಿಟ್ಟ ದಿನ ಗಿಡದ ಪಕ್ಕ ಒಂದೂವರೆ ಅಡಿ ಗುಂಡಿ ತೆಗೆದು ಎರಡು ಕೊಡ ನೀರು ಹೊಯ್ಯಿರಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಗೊಬ್ಬರ ಮರೆತುಬಿಡಿ, ಅಗಳು (ನೀರು ಹರಿದುಹೋಗುವ ಕಾಲುವೆ) ತೆಗೆಯಿರಿ. ಹೊಸದಾಗಿ ನೆಡುವುದಾದರೆ ಗುಂಡಿಯಲ್ಲಿ ನೆಡದೆ ದಿಬ್ಬ ಮಾಡಿ ಅದರ ಮೇಲೆ ನೆಡಿ.

ಮೂರನೆಯದು ಪೈನಿಗೇ ವಿಶೇಷವಾದದ್ದು, ನಮ್ಮ ಕಡೆ ಯಾರೂ ಊಹೆ ಮಾಡದ್ದು. ಗಿಡ ಗೇಣುದ್ದಕ್ಕೇ ನಿಂತುಬಿಟ್ಟಿದೆ, ಸೂಜಿ ಹಳದಿಗೆ ತಿರುಗಿದೆ, ಕೆಲವೊಮ್ಮೆ ನೇರಳೆ ಛಾಯೆ. ಗೊಬ್ಬರ ಹಾಕಿದರೂ ಬೆಳೆಯುವುದಿಲ್ಲ. ಇಂಥದ್ದು ಕಂಡರೆ ಒಂದು ಗಿಡ ಬಲಿ ಕೊಡಿ. ಮಣ್ಣು ಹೆಂಟೆ ಸಮೇತ ಎತ್ತಿ, ಬಕೆಟ್ಟಿನಲ್ಲಿ ನೆನೆಹಾಕಿ, ಅಲ್ಲಾಡಿಸಿ ತೊಳೆಯಿರಿ. ಉಜ್ಜಬೇಡಿ. ಬೇರಿನ ತುದಿಗಳನ್ನು ಬಿಸಿಲಿಗೆ ಹಿಡಿದು ನೋಡಿ. ಚೆನ್ನಾಗಿರುವ ಪೈನಿನ ಸಣ್ಣ ಬೇರುಗಳು ಗಿಡ್ಡಗೆ, ತುಸು ಉಬ್ಬಿ, ತುದಿಯಲ್ಲಿ ಎರಡಾಗಿ ಸೀಳಿರುತ್ತವೆ, ಚಾಟರಬಿಲ್ಲಿನ ಕವಲಿನ ಹಾಗೆ. ಸುತ್ತ ಬಿಳಿಯೋ ಕಂದೋ ಬಣ್ಣದ ಬೂಷ್ಟಿನ ಎಳೆ ಇರುತ್ತದೆ. ಅದು ರೋಗದ ಬೂಷ್ಟಲ್ಲ, ಗಿಡದ ನೆಂಟ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಿಡಕ್ಕೆ ರಂಜಕ (ಫಾಸ್ಫರಸ್) ತಂದುಕೊಡುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದು ಕೂತಿರುತ್ತವೆ. ಈ ಶಿಲೀಂಧ್ರ ಇಲ್ಲದೆ ಪೈನಿಗೆ ಅದು ದಕ್ಕುವುದು ಕಷ್ಟ. ಬೇರು ಕೂದಲಿನ ಹಾಗೆ ನೇರವಾಗಿ, ಬೋಳಾಗಿ ಇದ್ದರೆ ನೆಂಟರು ಬಂದಿಲ್ಲ ಅಂತ ಅರ್ಥ.

ಅಡಿಕೆ, ಭತ್ತ, ತೇಗ ಇವುಗಳ ಬೇರಿಗೂ ಶಿಲೀಂಧ್ರ ಇರುತ್ತದೆ, ಆದರೆ ಅದು ಬೇರೆಯೇ ಪಂಗಡ, ಪೈನಿಗೆ ಉಪಯೋಗಕ್ಕೆ ಬರುವುದಿಲ್ಲ. ಪೋರ್ಟೊರಿಕೊ ದ್ವೀಪದಲ್ಲಿ 1930ರ ದಶಕದಿಂದ ಪೈನ್ ಬೆಳೆಸಲಿಕ್ಕೆ ನೋಡಿ ಸೋತಿದ್ದರು. 1950ರ ದಶಕದಲ್ಲಿ ಹೊರಗಿನ ಪೈನ್ ಕಾಡಿನ ಮಣ್ಣು ತಂದು ಬುಡಕ್ಕೆ ಸೇರಿಸಿದರು. ಅದೇ ಸಸಿಗಳು ಎದ್ದು ನಿಂತವು.

ನನ್ನ ಮಡಿಯಲ್ಲೂ ಹಾಗೇ ಆಯಿತು. ಎರಡನೇ ಸಲ ನಾನೇ ಬೀಜ ಹಾಕಿದಾಗ ಇಡೀ ಮಡಿ ಹಳದಿ, ನಡುವೆ ತಟ್ಟೆಯಗಲದ ಎರಡು ಕಡೆ ಮಾತ್ರ ಕಡು ಹಸಿರು. ಹಸಿರು ತಟ್ಟೆ ವಾರ ವಾರಕ್ಕೆ ಅಗಲ ಆಗುತ್ತಾ ಹೋಯಿತು. ಇದು ಪಕ್ಕಾ ಗುರುತು. ನಾನು ಮಾಡಿದ್ದು ಇಷ್ಟೇ: ನೆತ್ತಿಯ ಚೆನ್ನಾಗಿರುವ ಗಿಡದ ಬುಡದ ಮೇಲ್ಮಣ್ಣು ಎರಡು ಬುಟ್ಟಿ ತಂದು, ಮಡಿಗೆ ಉದುರಿಸಿ, ನೀರು ಚಿಮುಕಿಸಿದೆ. ಆ ಮಣ್ಣನ್ನು ಬಿಸಿಲಲ್ಲಿ ಒಣಗಿಸಬೇಡಿ, ಅದರಲ್ಲಿ ಇರುವುದು ಜೀವ. ರೋಗ ಇರುವ ಗಿಡದ ಬುಡದಿಂದಲೂ ತರಬೇಡಿ.

ಕವಲೇ ಇಲ್ಲ, ಬರೀ ಕೋಲು

ಭಾವ ನೋಡಿ ಬಿದ್ದು ಬಿದ್ದು ನಕ್ಕದ್ದು ಇದನ್ನೇ. ಮನೆ ಹಿಂದಿನ ಸಾಲಿನ ಗಿಡಗಳು ಎಲ್ಲಕ್ಕಿಂತ ಎತ್ತರ, ಕೆಲವು ಮೂರು ಮೀಟರ್ ದಾಟಿವೆ. ಆದರೆ ಒಂದೇ ಕಾಂಡ, ಮೇಲಿಂದ ಕೆಳಗೆ ಒತ್ತಾಗಿ ಸೂಜಿ, ರೆಂಬೆ ಮಾತ್ರ ಇಲ್ಲ. ಇದಕ್ಕೆ ನರಿಬಾಲ ಅಂತ ಹೆಸರು. ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ.

ಪೈನ್ ಹೇಗೆ ಬೆಳೆಯುತ್ತದೆ ಅಂತ ಗೊತ್ತಾದರೆ ಇದು ತಾನಾಗೇ ಅರ್ಥವಾಗುತ್ತದೆ. ಸುಳಿ ಒಂದಷ್ಟು ಬೆಳೆದು ನಿಲ್ಲುತ್ತದೆ, ಮೊಗ್ಗು ಕಟ್ಟುತ್ತದೆ. ಮತ್ತೆ ಹೊರಟಾಗ ಆ ಜಾಗದಲ್ಲಿ ಸುತ್ತಲೂ ರೆಂಬೆ ಹೊರಡುತ್ತದೆ. ರೆಂಬೆಯ ಒಂದೊಂದು ಸುತ್ತು ಅಂದರೆ ಗಿಡ ಒಂದೊಂದು ಸಲ ತಂಗಿದ ಗುರುತು. ಬೆಳವಣಿಗೆ ನಿಲ್ಲಲೇ ಇಲ್ಲ ಅಂದರೆ ಸುತ್ತೂ ಇಲ್ಲ.

ಕೆರಿಬಿಯನ್ ಪೈನಿನ ತವರು ಬೆಲೀಜ್, ಹೊಂಡುರಾಸ್, ನಿಕರಾಗುವ ಕಡೆ. ಅಲ್ಲಿ ಹುಲ್ಲುಬಯಲಿನ ನಡುವೆ, ಒಣ ತಿಂಗಳುಗಳು ಇರುವ ಜಾಗದಲ್ಲಿ ಬೆಳೆಯುತ್ತದೆ. ಅದನ್ನು ತಂದು, ಸೆಕೆಯೂ ನೀರೂ ಗೊಬ್ಬರವೂ ಬಿಡುವಿಲ್ಲದೆ ಸಿಗುವ ಕಡೆ ನೆಟ್ಟರೆ ತಂಗುವ ಕಾರಣವೇ ಇರುವುದಿಲ್ಲ. ಮಲೆನಾಡಿನಲ್ಲಿ ನಾಲ್ಕು ತಿಂಗಳು ಮಳೆ ಸುರಿದರೂ ಡಿಸೆಂಬರಿನಿಂದ ಮೇವರೆಗೆ ಒಣಗುತ್ತದಲ್ಲ, ಅದಕ್ಕೇ ನೆತ್ತಿಯ ಗಿಡಕ್ಕೆ ಸುತ್ತು ಸುತ್ತಾಗಿ ರೆಂಬೆ. ಮನೆ ಹಿಂದಿನ ಸಾಲಿಗೆ ಬೇಸಿಗೆಯೇ ಇರಲಿಲ್ಲ. ಮೂರು ದಿನಕ್ಕೊಮ್ಮೆ ಸ್ಪ್ರಿಂಕ್ಲರ್ ತಿರುಗುತ್ತಿತ್ತು, ಅಡಿಕೆ ಸಸಿಗೆ ಹಾಕಿದ ಕೊಟ್ಟಿಗೆ ಗೊಬ್ಬರದ ಪಾಲೂ ಸಿಗುತ್ತಿತ್ತು.

ಬೀಜದ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ. ಕೆಲವು ತಾಯಿಮರದ ಮಕ್ಕಳು ಬೇಗ ನರಿಬಾಲ ಆಗುತ್ತವೆ. ನನ್ನ 15ರಲ್ಲಿ ನಾಲ್ಕು ಗಿಡ ಅದೇ ಸ್ಪ್ರಿಂಕ್ಲರ್ ಅಡಿ ನಿಂತು ಸರಿಯಾಗಿ ರೆಂಬೆ ಬಿಟ್ಟಿವೆ. ಅದೇ 22 ಗಿಡ ಇರುವ ನೆತ್ತಿಯಲ್ಲಿ ನರಿಬಾಲ ಒಂದೂ ಇಲ್ಲ. ಬೀಜಕ್ಕೆ ಆ ಗುಣ ಇದ್ದರೂ ಅದು ಹೊರಗೆ ಬರಬೇಕಾದರೆ ಜಾಗ ಕೂಡಿಬರಬೇಕು.

ಈ ಬೇಸಿಗೆ ಆ ಸಾಲಿನ ಒಂದು ತುದಿಯ ಸ್ಪ್ರಿಂಕ್ಲರ್ ಮುಚ್ಚಿದೆ. ಮಳೆ ಹಿಡಿದ ಮೇಲೆ ಆ ತುದಿಯ ಆರು ಕೋಲುಗಳಲ್ಲಿ ನಾಲ್ಕಕ್ಕೆ ತುದಿಯಲ್ಲಿ ರೆಂಬೆಯ ಸುತ್ತು ಬಂತು. ನೀರು ಬಿಟ್ಟ ಕಡೆ ಕೋಲು ಕೋಲಾಗಿಯೇ ಇದೆ. ಎಷ್ಟೋ ನರಿಬಾಲಗಳು ವಯಸ್ಸಾದ ಹಾಗೆ ತಾವೇ ಸರಿಯಾಗುತ್ತವೆ. ತಲೆ ಚಿವುಟಬೇಡಿ, ನಾಲ್ಕು ತಲೆ ಬಂದು ಇನ್ನೊಂದು ತಾಪತ್ರಯ. ಗಾಳಿಯ ದಾರಿಯಲ್ಲಿದ್ದರೆ ಮಾತ್ರ ಹುಷಾರು, ಉದ್ದದ ನರಿಬಾಲ ಗಾಳಿಗೆ ಮುರಿಯುತ್ತದೆ.

ಸುಳಿ ಒಣಗಿ ಪೊದೆ ಆಗಿದೆ

ಒಣಗಿದ ಸುಳಿಯನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ. ಒಳಗೆ ಕೊಳವೆ, ಹಿಕ್ಕೆ, ಹೊರಗೆ ರಾಳ ಒಸರಿದ್ದರೆ ಹುಳು. ಆ ತುದಿ ಕತ್ತರಿಸಿ ಸುಡಿ. ಒಳಗೆ ಏನೂ ಇಲ್ಲದೆ ಕಂದಾಗಿ ಸತ್ತಿದ್ದು, ಒಣ ತಿಂಗಳಿನ ನಂತರ ಹೀಗಾಗಿದ್ದು, ಪಕ್ಕದ ಮೊಗ್ಗುಗಳು ಎದ್ದು ಪೊದೆ ಕಟ್ಟುತ್ತಿದ್ದರೆ ಬೋರಾನ್ ಕೊರತೆ. ಮಳೆಗೆ ತೊಳೆದುಹೋದ ಹಳೆಯ ಮಣ್ಣಿನಲ್ಲಿ ಇದು ಸಾಮಾನ್ಯ. ಅಡಿಕೆಯವರಿಗೆ ಬೋರಾನ್ ಕೊಡುವ ಬೋರಾಕ್ಸ್ ಹೊಸದಲ್ಲ. ಆದರೆ ಮಣ್ಣು ಪರೀಕ್ಷೆ ಮಾಡಿಸಿ ಕೇಳಿ ಹಾಕಿ, ಜಾಸ್ತಿಯಾದರೆ ಅದೇ ವಿಷ.

ವಾಲಿದ ಗಿಡ

ನರ್ಸರಿಯವರನ್ನು ಬೈದದ್ದು ಸರಿ ಅಂದೆನಲ್ಲ, ಅದು ಇಲ್ಲಿ. ವಾಲಿದ ಗಿಡದ ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಕಣ್ಣು ಬುಡದ ಮೇಲಿರಲಿ. ಮಣ್ಣು ಗಟ್ಟಿಯಾಗಿದ್ದು ಕಾಂಡ ಮಾತ್ರ ಬಾಗಿದರೆ ಅದು ಬೆಳಕಿನದೋ ಗಾಳಿಯದೋ ಕೆಲಸ. ಅಂಥ ಗಿಡ ತಾನೇ ಸರಿಪಡಿಸಿಕೊಳ್ಳುತ್ತದೆ. ಪೈನ್ ಜಾತಿಯವು ವಾಲಿದ ಕೆಳಗಿನ ಮಗ್ಗುಲಿಗೆ ಜಾಸ್ತಿ ಕಟ್ಟಿಗೆ ಕಟ್ಟಿ ಮೇಲಕ್ಕೆ ತಳ್ಳಿಕೊಳ್ಳುತ್ತವೆ. ಅಂಥ ಕಾಂಡ ಕಡಿದು ನೋಡಿದರೆ ಗುಂಡಗಿರುವುದಿಲ್ಲ, ಮೊಟ್ಟೆಯಾಕಾರ, ತಿರುಳು ಒಂದು ಬದಿಗೆ.

ಬುಡವೇ ಗಿರಗಿರ ಆಡಿದರೆ, ಸುತ್ತ ಮಣ್ಣಿನಲ್ಲಿ ಬಳೆಯಷ್ಟು ಸಂದಿ ಬಿದ್ದಿದ್ದರೆ, ಬೇರು ಸುತ್ತಿಕೊಂಡಿದೆ. ಕೊಟ್ಟೆಯಲ್ಲಿ ಜಾಸ್ತಿ ದಿನ ಇಟ್ಟ ಸಸಿ ಇದು. ನಾನು ಕಿತ್ತ ಒಂದರ ಬೇರು ಸಿಂಬೆ ಸುತ್ತಿದ ಹಾಗೆ ಇತ್ತು, ಮೂರು ವರ್ಷ ಆದರೂ ಕೊಟ್ಟೆಯ ಆಕಾರ ಬಿಟ್ಟಿರಲಿಲ್ಲ. ಇದಕ್ಕೆ ಮದ್ದಿಲ್ಲ, ತೆಗೆದು ಬೇರೆ ನೆಡಿ. ಮುಂದಿನ ಸಲ ಸಸಿ ತರುವಾಗ ಕೊಟ್ಟೆಯ ತಳ ನೋಡಿ. ಬೇರು ಹೊರಗೆ ಬಂದು ಮುದುಡಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ನೆಡುವಾಗ ಕೊಟ್ಟೆ ಪೂರ್ತಿ ಹರಿದು ತೆಗೆಯಿರಿ, ತಳದ ಬೆರಳಗಲ ಬೇರು ಕತ್ತಿಯಲ್ಲಿ ಕೊಯ್ಯಿರಿ.

ಕಡವೆ ಕೊಂಬು ಉಜ್ಜಿದ್ದು, ಗೆದ್ದಲು ಹತ್ತಿದ್ದು ಕಣ್ಣಿಗೇ ಕಾಣುತ್ತದೆ. ಅದಕ್ಕೆ ಕೈಪಿಡಿ ಬೇಡ.

ಇಷ್ಟಾದರೂ ತಿಳಿಯದಿದ್ದರೆ, ಅದಲುಬದಲು

ಹತ್ತು ಕೊಟ್ಟೆ ತೆಗೆದುಕೊಳ್ಳಿ. ಐದಕ್ಕೆ ಕೆಟ್ಟ ಜಾಗದ ಮಣ್ಣು, ಐದಕ್ಕೆ ಒಳ್ಳೆಯ ಜಾಗದ ಮಣ್ಣು ತುಂಬಿ, ಒಂದೇ ಮಡಿಯ ಸಸಿ ಹಾಕಿ, ಎಲ್ಲವನ್ನೂ ಅಕ್ಕಪಕ್ಕ ಒಂದೇ ಬಿಸಿಲಿನಲ್ಲಿ ಇಡಿ. ಆರು ತಿಂಗಳಲ್ಲಿ ವ್ಯತ್ಯಾಸ ಕಂಡರೆ ಮಣ್ಣು. ಕಾಣದಿದ್ದರೆ ಮಣ್ಣಲ್ಲ. ಆಗ ಒಂದೇ ಮಣ್ಣಿನ ಕೊಟ್ಟೆಗಳನ್ನು ಎರಡು ಜಾಗದಲ್ಲಿ ಇಟ್ಟು ನೋಡಿ. ಒಂದೊಂದೇ ಗಿಡ ಇಟ್ಟು ತೀರ್ಮಾನ ಮಾಡಬೇಡಿ, ಗಿಡ ಗಿಡಕ್ಕೂ ಹುಟ್ಟಿನ ವ್ಯತ್ಯಾಸ ಇದ್ದೇ ಇರುತ್ತದೆ. ಸುಮ್ನೆ ನೆನಪಿನ ಮೇಲೆ ಬಿಡದೆ ದಾರದ ಅಳತೆ ಬರೆದಿಡಿ.

ಇನ್ನೊಂದು ವಿಷಯ, ಕೇಳದೇ ಹೇಳುತ್ತಿದ್ದೇನೆ. ಘಟ್ಟದ ಮೇಲಿನ ಹುಲ್ಲುಗುಡ್ಡದಲ್ಲಿ ಪೈನ್ ನೆಡಬೇಡಿ. ನೀಲಗಿರಿ, ಪಳನಿ ಬೆಟ್ಟಗಳ ಹುಲ್ಲುಗಾವಲಿನಲ್ಲಿ ಪೈನ್ ತಾನೇ ಬೀಜ ಚೆಲ್ಲಿ ಹರಡಿದೆ. ಉದುರಿದ ಸೂಜಿಗೆ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಆರಿಸುವವರು ನಾವೇ ಅಲ್ವಾ? ಅಳಿಯನಿಗೂ ಇದನ್ನೇ ಹೇಳಿದ್ದೇನೆ: 70ಕ್ಕೆ ನಿಲ್ಲಿಸು.

ಗದ್ದೆ ಪಕ್ಕದ 15 ಗಿಡಗಳಲ್ಲಿ ಒಂದು ಮಾತ್ರ ಕಡು ಹಸಿರಾಗಿ ನಿಂತಿತ್ತು. ಅದರ ಬೀಜವೇ ಬೇರೆ ಇರಬೇಕು ಅಂತ ಎರಡು ವರ್ಷ ಎಲ್ಲರಿಗೂ ತೋರಿಸಿದ್ದೆ. ಹೋದ ತಿಂಗಳು ಅಗಳು ತೆಗೆಯುವಾಗ ಆಳು ಅದರ ಬುಡದ ಹತ್ತಿರ ಗುದ್ದಲಿ ಹಾಕಿ, “ಅಯ್ಯಾ, ಇಲ್ಲಿ ಕಲ್ಲು ಕಟ್ಟಿದಾರೆ” ಅಂದ. ಕೆರೆದು ನೋಡಿದರೆ ಅಜ್ಜನ ಕಾಲದ ಬದು. ಉಳಿದ ಹದಿನಾಲ್ಕಕ್ಕಿಂತ ಒಂದೂಕಾಲು ಅಡಿ ಎತ್ತರದಲ್ಲಿ ನಿಂತಿತ್ತು ಆ ಗಿಡ.